ಕಾಮನಬಿಲ್ಲಿನ ಬಣ್ಣಗಳು ಏಳೇ?

ಪ್ರಶ್ನೆ: ಕಾಮನಬಿಲ್ಲಿನಲ್ಲಿ ನಿಜಕ್ಕೂ ಏಳು ಬಣ್ಣಗಳಿವೆಯೇ? ಎಷ್ಟು ನೋಡಿದರೂ ನನಗೆ ಐದಾರೇ ಕಾಣುತ್ತವೆ.

ಉತ್ತರ: ನಿಮ್ಮ ಕಣ್ಣಿನಲ್ಲಿ ದೋಷವಿಲ್ಲ. ಮಳೆಹನಿಯೊಳಗೆ ಹೊಕ್ಕ ಬಿಸಿಲು ಬಾಗಿ, ಹನಿಯ ಹಿಂಬದಿಗೆ ತಾಗಿ ಮರಳಿ ಹೊರಬರುವಾಗ ಹರಡಿಕೊಳ್ಳುತ್ತದೆ. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು. ನಡುವಿನ ಬಣ್ಣಗಳು ಎಲ್ಲೂ ಕಡಿಯದೆ ಒಂದರೊಳಗೊಂದು ಕರಗುತ್ತವೆ. ಅಲ್ಲಿ ಗೆರೆಗಳೇ ಇಲ್ಲ.

ಗೆರೆ ಎಳೆಯುವವರು ನಾವು. ಕಣ್ಣಿನ ಮೂರು ಬಗೆಯ ಶಂಕುಕೋಶಗಳು ಕಳಿಸುವ ಸಂಕೇತಗಳನ್ನು ಹೋಲಿಸಿ ಮಿದುಳು ಬಣ್ಣಗಳನ್ನು ಗುಂಪು ಮಾಡುತ್ತದೆ. ಗುಂಪಿಗೆ ಹೆಸರಿಡುವುದು ಭಾಷೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎನ್ನುತ್ತೇವಲ್ಲ, ಹಾಗೆ. ಹೊತ್ತು ಒಂದೇ ಸಮನೆ ಜಾರುತ್ತದೆ, ಹೆಸರು ಮಾತ್ರ ಥಟ್ಟನೆ ಬದಲಾಗುತ್ತದೆ.

ನ್ಯೂಟನ್ ಮೊದಲು ಐದು ಬಣ್ಣಗಳನ್ನು ಹೆಸರಿಸಿದ್ದರು. ಆಮೇಲೆ ಸಂಗೀತದ ಏಳು ಸ್ವರಗಳಿಗೆ ಹೊಂದುವಂತೆ ಕಿತ್ತಳೆ ಮತ್ತು ಇಂಡಿಗೊ ಸೇರಿಸಿದರು; 1704ರ ಅವರ ‘ಆಪ್ಟಿಕ್ಸ್’ ಗ್ರಂಥದಲ್ಲಿ ಏಳು ಬಣ್ಣಗಳಿವೆ. ರಷ್ಯನ್ನರು ತಿಳಿನೀಲಿಯನ್ನು ‘ಗಲುಬೋಯ್’, ಕಡುನೀಲಿಯನ್ನು ‘ಸೀನಿಯ್’ ಎಂದು ಎರಡು ಬೇರೆ ಬಣ್ಣಗಳಾಗಿಯೇ ಎಣಿಸುತ್ತಾರೆ.

ಬೆಳಕು ಪ್ರಕೃತಿಯದು, ಎಣಿಕೆ ನಮ್ಮದು. ಮುಂದಿನ ಸಲ ಕಾಮನಬಿಲ್ಲು ಮೂಡಿದಾಗ ಎಣಿಸಬೇಡಿ; ಹಳದಿ ಹಸಿರಾಗುವ ಜಾಗವನ್ನಷ್ಟೇ ಕಣ್ಣಿಟ್ಟು ನೋಡಿ.