ಬೀಗ ತೆರೀತು, ಆದ್ರೆ... ಒಂದು ಆಟದ ನಿಯಮ ಇನ್ನೊಂದು ಆಟಕ್ಕೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದ್ರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಒಬ್ಬರು ಆಟ ನಡೆಸುತ್ತಾರೆ. ಮುಂದೇನಾಗುತ್ತೆ ಅಂತ ಗೊತ್ತಿಲ್ಲದ ಕಡೆ ದಾಳ ಹಾಕ್ತೀವಿ. ಇದನ್ನು ಆಡುವ ನಮಗೆಲ್ಲ ಒಂದು ಚಟ ಇದೆ: ಒಂದು ಆಟದಲ್ಲಿ ಇಷ್ಟವಾದ ನಿಯಮವನ್ನು ತಂದು ಇನ್ನೊಂದಕ್ಕೆ ಜೋಡಿಸೋದು. ಕೆಲವು ಸಲೀಸಾಗಿ ಕೂರುತ್ತವೆ, ಕೆಲವು ಆಟವನ್ನೇ ಕೆಡಿಸುತ್ತವೆ. ಯಾಕೆ ಅಂತ ಒಂದು ಉದಾಹರಣೆಯಿಂದ ನೋಡೋಣ.

2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ 20 ಮುಖದ ಒಂದು ದಾಳ ಹಾಕ್ತೀವಿ. ಬೀಗ ತೆಗೆಯಲು 15 ಬೇಕು, ನಮ್ಮ ಕಳ್ಳನಿಗೆ +5 ಇದೆ ಅಂದ್ಕೊಳ್ಳಿ. 10 ಅಥವಾ ಹೆಚ್ಚು ಬಿದ್ದರೆ ಬೀಗ ತೆರೆಯುತ್ತೆ. 9 ಬಿದ್ದರೆ ಇಲ್ಲ. ಎಷ್ಟೋ ಸಲ ಅಲ್ಲಿಗೆ ಕಥೆಯೇ ನಿಂತುಬಿಡುತ್ತೆ, ಒಬ್ಬೊಬ್ಬರಾಗಿ ಮೊಬೈಲ್ ತೆಗೀತಾರೆ.

ವಿನ್ಸೆಂಟ್ ಬೇಕರ್ ಮತ್ತು ಮೆಗ್ವೇ ಬೇಕರ್ ಅವರ ಅಪಾಕಲಿಪ್ಸ್ ವರ್ಲ್ಡ್ (2010) ಆಟದಲ್ಲಿ ಇದಕ್ಕೆ ಮದ್ದಿದೆ. ಅಲ್ಲಿ 6 ಮುಖದ ಎರಡು ದಾಳಗಳ ಮೊತ್ತ ನೋಡ್ತೀವಿ. 10 ಅಥವಾ ಹೆಚ್ಚಾದರೆ ಪೂರ್ತಿ ಗೆಲುವು. 6 ಅಥವಾ ಕಡಿಮೆಯಾದರೆ ತೊಂದರೆ ಶುರು. ನಡುವಿನ 7ರಿಂದ 9 ಬಂದರೆ ಗೆಲುವೇ, ಆದ್ರೆ ಅದಕ್ಕೆ ಬೆಲೆ ತೆರಬೇಕು. ಬೀಗ ತೆರೆಯುತ್ತೆ, ಸದ್ದೂ ಆಗುತ್ತೆ. ದಾಳಗಳ 36 ಜೋಡಿಗಳಲ್ಲಿ 15 ಜೋಡಿ ಈ ನಡುವಿನ ಪಟ್ಟಿಗೆ ಬೀಳುತ್ತವೆ, ಅಂದ್ರೆ ಸುಮಾರು 42%.

ಇದನ್ನು 20 ಮುಖದ ದಾಳಕ್ಕೆ ತರೋದು ಹೇಗೆ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಒಂದು ಐಚ್ಛಿಕ ನಿಯಮ ಇದೆ: 1 ಅಥವಾ 2 ಅಂಕದಿಂದ ಸೋತರೆ, ಬೆಲೆ ತೆತ್ತು ಗೆಲ್ಲಬಹುದು. ಆದ್ರೆ 20ರಲ್ಲಿ 2 ಮುಖ ಅಂದ್ರೆ ಬರೀ 10%. ಕಥೆಯ ನಡೆ ಅಷ್ಟರಿಂದ ಬದಲಾಗಲ್ಲ.

ಸರಿ, ಪಟ್ಟಿಯನ್ನು 8 ಮುಖಕ್ಕೆ, ಅಂದ್ರೆ 40%ಗೆ ಹಿಗ್ಗಿಸೋಣ. ಎಂಟನ್ನೂ ಸೋಲಿನ ಕಡೆಯಿಂದಲೇ ತೆಗೆದರೆ 2ರಿಂದ 9 ಎಲ್ಲ ಅರೆಗೆಲುವು. ಸೋಲು ಉಳಿಯೋದು 1 ಬಿದ್ದಾಗ ಮಾತ್ರ, 5%. ಸೋಲುವ ಭಯವೇ ಹೋಯ್ತು! ಅದರ ಬದಲು ಎರಡೂ ಕಡೆಯಿಂದ ನಾಲ್ಕು ನಾಲ್ಕು ತೆಗೆದರೆ 14ರಿಂದ 20 ಪೂರ್ತಿ ಗೆಲುವು (35%), 6ರಿಂದ 13 ಅರೆಗೆಲುವು (40%), 1ರಿಂದ 5 ಸೋಲು (25%). ಈಗ ಹದ ಬಂತು.

ಲೆಕ್ಕ ಸರಿಹೋದರೂ ಇನ್ನೊಂದು ತೊಡಕಿದೆ. ಅಪಾಕಲಿಪ್ಸ್ ವರ್ಲ್ಡ್‌ನಲ್ಲಿ ಆಟ ನಡೆಸುವವರು ಶತ್ರುಗಳಿಗಾಗಿ ದಾಳ ಹಾಕುವುದಿಲ್ಲ. ಹೊಡೆದಾಟದಲ್ಲಿ ನಮಗೆ ಪೆಟ್ಟು ಬೀಳೋದೇ ಹೆಚ್ಚಾಗಿ ನಾವು ಹಾಕಿದ ದಾಳದ ಫಲವಾಗಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ರಾಕ್ಷಸನಿಗೆ ಅವನದೇ ಸರದಿ ಇದೆ, ಅವನದೇ ದಾಳ ಇದೆ. ಅಲ್ಲಿ ಅರೆಗೆಲುವಿಗೂ ಬೆಲೆ ಇಟ್ಟರೆ ಆಡುವವರಿಗೆ ಒಂದೇ ಸುತ್ತಿನಲ್ಲಿ ಎರಡು ದಂಡ. ಬೇರೆಯವರ ಕೋಡ್‌ನಿಂದ ಒಂದು ಫಂಕ್ಷನ್ ಕಾಪಿ ಮಾಡಿ, ಅದು ನೆಚ್ಚಿಕೊಂಡಿರುವ ಲೈಬ್ರರಿಯನ್ನು ಅಲ್ಲೇ ಬಿಟ್ಟು ಬಂದ ಹಾಗೆ. ಆದ್ದರಿಂದ ಈ ನಿಯಮವನ್ನು ಬೀಗ, ಗೋಡೆ ಹತ್ತೋದು, ಚೌಕಾಸಿ ಇಂಥ ಕಡೆ ಇಟ್ಟುಕೊಂಡು ಹೊಡೆದಾಟದಿಂದ ದೂರ ಇಡೋದು ವಾಸಿ.

ಸಲೀಸಾಗಿ ಕೂರುವ ನಿಯಮಕ್ಕೆ ಉದಾಹರಣೆ, ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದ ‘ಕ್ಲಾಕ್’. ಒಂದು ವೃತ್ತ ಬರೆದು 4, 6 ಅಥವಾ 8 ಭಾಗ ಮಾಡ್ತೀವಿ. ಅಪಾಯ ಹತ್ತಿರವಾದಂತೆ ಒಂದೊಂದೇ ಭಾಗ ತುಂಬ್ತೀವಿ. ಇದು ಯಾವ ದಾಳಕ್ಕೂ ಅಂಟಿಕೊಂಡಿಲ್ಲ, ಹಾಗಾಗಿ ಯಾವ ಆಟಕ್ಕೂ ಒಗ್ಗುತ್ತೆ. ಅರೆಗೆಲುವಿನ ಬೆಲೆಯನ್ನೂ ಇದರಲ್ಲೇ ವಸೂಲಿ ಮಾಡಬಹುದು: ಬೀಗ ತೆರೀತು, ಆದ್ರೆ ‘ಕಾವಲುಗಾರ ಎಚ್ಚರವಾದ’ ಅನ್ನೋ ಕ್ಲಾಕ್‌ನಲ್ಲಿ ಎರಡು ಭಾಗ ತುಂಬಿತು. ಇನ್ನು ನಾಲ್ಕೇ ಬಾಕಿ. ಈಗ ಯಾರೂ ಮೊಬೈಲ್ ನೋಡಲ್ಲ.