ಅಂಗಳದ ಮರ ಸವರಿಸುವ ಮುನ್ನ

ಮುಂಗಾರಿನ ಬಿರುಗಾಳಿ ಆರಂಭವಾಗುವ ಮೊದಲು ಚಿತ್ರದುರ್ಗದ ಜಿನ್ನಿಂಗ್ ಗಿರಣಿಗಳಲ್ಲಿ, ಹಿರಿಯೂರು-ಹೊಸದುರ್ಗಗಳ ತೆಂಗಿನ ಗೋದಾಮುಗಳಲ್ಲಿ, ಹೊಳಲ್ಕೆರೆಯ ಅಡಿಕೆ ವಹಿವಾಟಿನ ಅಂಗಳಗಳಲ್ಲಿ ತಗಡಿನ ಛಾವಣಿಯ ಮೇಲೆ ಬಾಗಿದ ಬೇವು, ಹೊಂಗೆಗಳನ್ನು ಸವರಿಸುವುದು ರೂಢಿ. ಕಾಂಪೌಂಡಿನ ಬದಿಯ ಬಳ್ಳಾರಿ ಜಾಲಿಯನ್ನೂ ಅದೇ ದಿನ ಕಡಿಸಲಾಗುತ್ತದೆ. ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನ ವಿಷಯದಲ್ಲಿ ಬಹಳ ಎಚ್ಚರ ವಹಿಸುವ ಉದ್ಯಮಿಗಳು ಕೂಡ ಈ ಒಂದು ದಿನದ ಕೂಲಿಕೆಲಸವನ್ನು ಹಗುರವಾಗಿ ಭಾವಿಸುವುದುಂಟು.

ಇಲ್ಲಿ ಮುಖ್ಯವಾದ ಅಪಾಯ ವಿದ್ಯುತ್ ತಂತಿಯದು. ಕಾರ್ಖಾನೆಯ ಮೇನ್ ಸ್ವಿಚ್ ಆರಿಸಿ, ‘ಕರೆಂಟ್ ತೆಗೆದಿದೆ, ಹತ್ತಪ್ಪಾ’ ಎನ್ನುವುದು ಸಾಮಾನ್ಯ. ಆದರೆ ಸ್ವಿಚ್ಚು ನಿಲ್ಲಿಸುವುದು ತನ್ನಿಂದ ಒಳಗಿನ ಯಂತ್ರಗಳಿಗೆ ಹೋಗುವ ವಿದ್ಯುತ್ತನ್ನು ಮಾತ್ರ. ಕಂಬದಿಂದ ಮೀಟರಿನವರೆಗಿನ ಸರ್ವಿಸ್ ತಂತಿಯೂ, ಟ್ರಾನ್ಸ್‌ಫಾರ್ಮರಿಗೆ ಬರುವ 11,000 ವೋಲ್ಟ್‌ನ ಮಾರ್ಗವೂ ಮೊದಲಿನಂತೆಯೇ ಜೀವಂತವಾಗಿರುತ್ತವೆ. ಕೊಂಬೆ ತಾಗುವುದು ಆ ತಂತಿಗಳಿಗೇ.

ವಿದ್ಯುತ್ ಕಡಿತದ ಹೊತ್ತನ್ನು ನಂಬಿ ಮರ ಹತ್ತಿಸುವುದು ಇನ್ನೂ ಕೆಟ್ಟದ್ದು. ವಿದ್ಯುತ್ ಯಾವ ಕ್ಷಣದಲ್ಲಾದರೂ ಮರಳಬಹುದು. ಅದಲ್ಲದೆ, ನೆರೆಯ ಘಟಕವೊಂದು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ನಡೆಸುತ್ತಿದ್ದರೆ, ಅದರ 415 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರನ್ನು ಹೊಕ್ಕು ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗಿ ಹೊರಬೀಳುತ್ತದೆ. ಇಡೀ ಬೀದಿ ಕತ್ತಲಾಗಿದ್ದರೂ ತಂತಿ ಕೊಲ್ಲಬಲ್ಲದು.

ಆದುದರಿಂದ ತಂತಿಯ ಸಮೀಪದ ಮರವನ್ನು ಖಾಸಗಿ ಕೂಲಿಯವರಿಂದ ಮುಟ್ಟಿಸಲೇಬಾರದು. ಬೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಿ, ಅವರ ಸಿಬ್ಬಂದಿ ಲೈನ್ ಕ್ಲಿಯರ್ ಪಡೆದು, ಮಾರ್ಗವನ್ನು ಭೂಮಿಗೆ ಜೋಡಿಸಿದ ನಂತರವೇ ಕೆಲಸ ನಡೆಯಬೇಕು. ತುರ್ತು ಸಂದರ್ಭಕ್ಕೆ 1912 ಸಹಾಯವಾಣಿ ಇದೆ. ‘ಸಮೀಪ’ ಎಂದರೆ ಎಷ್ಟು? ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು 50,000 ವೋಲ್ಟ್‌ವರೆಗಿನ ತಂತಿಗಳಿಂದ ತರಬೇತಿ ಇಲ್ಲದವರನ್ನು ಕನಿಷ್ಠ 10 ಅಡಿ ದೂರವಿಡುತ್ತವೆ. ಈ ಅಳತೆ ಮನುಷ್ಯನಿಗಷ್ಟೇ ಅಲ್ಲ, ಅವನ ಕೈಯಲ್ಲಿರುವ ದೋಟಿಗೂ, ಬೀಳುವ ಕೊಂಬೆಗೂ ಅನ್ವಯಿಸುತ್ತದೆ. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿಯ ಅಪಾಯ ಬಹುಮಂದಿಗೆ ಗೊತ್ತು. ಅಡಿಕೆ ತೋಟಗಳಲ್ಲಿ ಜನಪ್ರಿಯವಾಗಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುದ್ವಾಹಕವೆಂಬುದು ಅಷ್ಟಾಗಿ ತಿಳಿದಿಲ್ಲ. ಪ್ಲಾಸ್ಟಿಕ್ಕಿನಂತೆ ಕಾಣುವುದೇ ಅದರ ಮೋಸ.

ತಂತಿಯಿಂದ ದೂರವಿರುವ ಮರದಲ್ಲಿ ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕೊಯ್ದರೆ ಅದು ಸಿಗಿದು, ತೊಗಟೆಯನ್ನು ಕಿತ್ತುಕೊಂಡು ಹತ್ತಿದವನತ್ತಲೇ ತೂಗಬಹುದು. ಬುಡದಿಂದ ಅಡಿಯಷ್ಟು ಮುಂದೆ ಕೆಳಗಿನಿಂದ ಮೊದಲೊಂದು ಗಾಯ ಮಾಡಿ, ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು, ಉಳಿದ ಮೋಟನ್ನು ಕೊನೆಗೆ ತೆಗೆಯುವುದು ಸರಿಯಾದ ಕ್ರಮ. ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್, ಕೆಳಗೆ ನಿಗಾ ವಹಿಸುವ ಒಬ್ಬ ಇರಲೇಬೇಕು. ಹೆಜ್ಜೇನು ಕಟ್ಟಿದ್ದರೆ ಅಂದು ಕೆಲಸ ಬೇಡ.

ಪೊದೆಯ ವಿಷಯ ಬೇರೆ. ಈ ಬಯಲುಸೀಮೆಯ ಕಲ್ಲುಗುಡ್ಡೆಗಳಲ್ಲಿ ಗರಗಸ ಮಂಡಲ, ಕೊಳಕುಮಂಡಲ, ನಾಗರಹಾವುಗಳಿಗೆ ಜಾಲಿಪೊದೆಯೇ ನೆರಳು. ಬರಿಗಾಲು, ಬರಿಗೈ ಸಲ್ಲದು. ಮುಳ್ಳು ತಡೆಯುವ ಬೂಟು, ಚರ್ಮದ ಕೈಗವಸು ಕೊಡಿಸುವ ವೆಚ್ಚ ಅಲ್ಪ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಹಾನಿಕರ. ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಕಡಿದ ಜಾಲಿಯನ್ನು ಅಲ್ಲೇ ಸುಡುವ ಅಭ್ಯಾಸವಂತೂ ಹತ್ತಿ, ತೆಂಗಿನ ನಾರು ಸಂಗ್ರಹವಿರುವ ಕಡೆ ಊಹೆಗೂ ನಿಲುಕದ ಅವಿವೇಕ.

ಮರವನ್ನೇ ಉರುಳಿಸುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಹೆಚ್ಚಾಗಿ ಸವರಿಸುವಾಗಲೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಕೊನೆಯದಾಗಿ ವಿಮೆ: ಕಾರ್ಖಾನೆಯ ಪಾಲಿಸಿ ಖಾಯಂ ನೌಕರರಿಗೆ ಮಾತ್ರ ಸೀಮಿತವೇ, ಅಂಗಳದೊಳಗೆ ಒಂದು ದಿನಕ್ಕೆ ಬಂದ ಕೂಲಿಯವನನ್ನೂ ಒಳಗೊಂಡಿದೆಯೇ ಎಂಬುದನ್ನು ಅವನು ಮರ ಹತ್ತುವ ಮುನ್ನವೇ ಏಜೆಂಟರಿಂದ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಬೇಕು.