ಥಿಯಾಲಜಿ ಓದಲು ಭಕ್ತಿಯ ಪ್ರಮಾಣಪತ್ರ ಬೇಕಿಲ್ಲ

ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ಥಿಯಾಲಜಿ ಮತ್ತು ಧರ್ಮಾಧ್ಯಯನ ಓದುತ್ತೇನೆ ಎಂದು ಮಗಳೋ ಮಗನೋ ಹೇಳಿದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: "ಪಾದ್ರಿ ಆಗೋಕಾ?" ಈ ಅನುಮಾನಕ್ಕೆ ಕಾರಣವಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಸಂಸ್ಥೆಗಳು ಹುಟ್ಟಿದ್ದೇ ಚರ್ಚುಗಳ ಸೇವೆಗೆ ಜನರನ್ನು ಸಿದ್ಧಗೊಳಿಸಲು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್, ಡರ್ಹಮ್‌ಗಳಲ್ಲಿ ಸಿಗುವುದು ಇತಿಹಾಸ, ಸಾಹಿತ್ಯದ ಹಾಗೆಯೇ ಒಂದು ಬಿ.ಎ. ಪದವಿ. ಅದರಿಂದ ಯಾರೂ ಪಾದ್ರಿಯಾಗುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡ್ ತನಗೆ ಬೇಕಾದವರನ್ನು ಬೇರೆಯಾಗಿಯೇ ಆರಿಸಿ ತರಬೇತಿ ಕೊಡುತ್ತದೆ.

"ಕ್ರೈಸ್ತರಲ್ಲದವರಿಗೆ ಅಲ್ಲಿ ಜಾಗವಿಲ್ಲ" ಎಂಬುದು ಒಂದು ಕಾಲದ ಸತ್ಯದ ಪಳೆಯುಳಿಕೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಡರ್ಹಮ್‌ಗಳಲ್ಲಿದ್ದ ಮತಪರೀಕ್ಷೆಯನ್ನು 1871ರ ಕಾಯ್ದೆ ತೆಗೆದುಹಾಕಿತು. ಆಗಲೂ ಡಿವಿನಿಟಿ, ಅಂದರೆ ದೇವತಾಶಾಸ್ತ್ರದ ಪದವಿಗಳಿಗೆ ಮಾತ್ರ ಆ ವಿನಾಯಿತಿ ಸಿಗಲಿಲ್ಲ. ಇಂದು ಅರ್ಜಿದಾರರ ನಂಬಿಕೆ ಆಯ್ಕೆಯ ಅಳತೆಗೋಲೇ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಎಸ್. ರಾಧಾಕೃಷ್ಣನ್ 1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೂರ್ವದೇಶಗಳ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪ್ರಾಧ್ಯಾಪಕರಾದರು ಎಂಬುದನ್ನು ನಾವಾದರೂ ಮರೆಯಬಾರದು.

ಬೈಬಲ್ ಒಂದನ್ನೇ ಓದಿಸುತ್ತಾರೆ ಎಂಬುದೂ ಸರಿಯಲ್ಲ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ 1967ರಲ್ಲೇ ನಿನಿಯನ್ ಸ್ಮಾರ್ಟ್ ಅವರು ಎಲ್ಲ ಧರ್ಮಗಳನ್ನೂ ಒಂದೇ ಸಾಲಿನಲ್ಲಿಟ್ಟು ನೋಡುವ ವಿಭಾಗ ಕಟ್ಟಿದರು. ಕೇಂಬ್ರಿಜ್‌ನಲ್ಲಿ ಕಲಿಯಬಹುದಾದ ಶಾಸ್ತ್ರಭಾಷೆಗಳಲ್ಲಿ ಹೀಬ್ರೂ, ಗ್ರೀಕ್, ಅರೇಬಿಕ್ ಜತೆಗೆ ಸಂಸ್ಕೃತವೂ ಇದೆ. ಮೊದಲೇ ಬರಬೇಕೆಂದಿಲ್ಲ, ಅಕ್ಷರಮಾಲೆಯಿಂದಲೇ ಕಲಿಸುತ್ತಾರೆ. ಶಾಲೆಯಲ್ಲಿ ಧರ್ಮವನ್ನು ವಿಷಯವಾಗಿ ಓದಿರಬೇಕೆಂಬ ನಿಯಮವೂ ಸಾಮಾನ್ಯವಾಗಿ ಇಲ್ಲ. ಬೇಕಾದದ್ದು ಒಳ್ಳೆಯ ಅಂಕ, ಪ್ರಬಂಧ ಬರೆದು ವಾದ ಮಂಡಿಸುವ ಅಭ್ಯಾಸ.

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಅರ್ಜಿಯ ಸ್ವವಿವರಣೆಯಲ್ಲಿ. ಮನೆಯ ಪೂಜೆ, ಬಾಲ್ಯದ ಭಕ್ತಿ, ತೀರ್ಥಯಾತ್ರೆಯ ಅನುಭವ ತುಂಬಿದರೆ ಮೆಚ್ಚುತ್ತಾರೆಂಬ ನಂಬಿಕೆ ಬಲವಾಗಿದೆ. 2026ರ ಪ್ರವೇಶದಿಂದ ಯುಕಾಸ್ (ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶ ಅರ್ಜಿ ಸಂಸ್ಥೆ) ಅರ್ಜಿ ನೇರವಾಗಿ ಮೂರು ಪ್ರಶ್ನೆ ಕೇಳುತ್ತದೆ: ಈ ವಿಷಯ ಯಾಕೆ, ನಿಮ್ಮ ಓದು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4000 ಅಕ್ಷರಗಳ ಮಿತಿ. ಭಕ್ತಿ ತಪ್ಪಲ್ಲ, ಆದರೆ ಅದು ಉತ್ತರವಲ್ಲ. "ವಚನಗಳೆಂದರೆ ನನಗೆ ಪ್ರಾಣ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹನ್ನೆರಡನೇ ಶತಮಾನದ ಬಿಡಿ ವಚನಗಳನ್ನು ಹದಿನೈದನೇ ಶತಮಾನದಲ್ಲಿ ಶೂನ್ಯಸಂಪಾದನೆಯು ಅಲ್ಲಮನನ್ನು ನಡುವಿಟ್ಟು ಸಂವಾದವಾಗಿ ಜೋಡಿಸಿತಲ್ಲ, ಆ ಜೋಡಣೆಯಿಂದ ವಚನದ ಅರ್ಥ ಬದಲಾಯಿತೇ ಎಂದು ಕೇಳಿ ನೋಡಿ. ಅದು ವಿದ್ಯಾರ್ಥಿಯ ಪ್ರಶ್ನೆ. ಕನ್ನಡದಲ್ಲೇ ಮೂಲವನ್ನು ಓದಬಲ್ಲವರಿಗೆ ಈ ಬಲ ಹುಟ್ಟಿನಿಂದಲೇ ಸಿಕ್ಕಿದೆ. ಅದನ್ನು ಬಳಸದೆ ಬಿಡುವುದು ದೊಡ್ಡ ನಷ್ಟ.

ಸಂದರ್ಶನದಲ್ಲೂ ಪರೀಕ್ಷೆಗೊಳಗಾಗುವುದು ಶ್ರದ್ಧೆಯಲ್ಲ, ಯೋಚಿಸುವ ಕ್ರಮ. ದೇವರಿದ್ದಾನೆ ಎಂದವರೂ ಇಲ್ಲ ಎಂದವರೂ ಕಾರಣ ಕೊಡಬೇಕು.

ಇನ್ನು ಉದ್ಯೋಗ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳಲ್ಲಿ ಧರ್ಮಶಿಕ್ಷಣವನ್ನು ಕಾನೂನೇ ಕಡ್ಡಾಯ ಮಾಡಿದೆ, ಶಿಕ್ಷಕರು ಬೇಕೇ ಬೇಕು. ವಕೀಲಿಕೆ, ಪತ್ರಿಕೋದ್ಯಮ, ಆಡಳಿತ ಸೇವೆಗೂ ಈ ಪದವೀಧರರು ಹೋಗುತ್ತಾರೆ.

ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್, ಒಂದು ವರ್ಷದಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಅರ್ಜಿ ಹಾಕಬಹುದು. ಕೊನೆಯ ದಿನ ಅಕ್ಟೋಬರ್ 15. ಉಳಿದ ಬಹುತೇಕ ವಿಶ್ವವಿದ್ಯಾಲಯಗಳಿಗೆ ಜನವರಿಯವರೆಗೆ ಕಾಲವಿದೆ. ಪಿಯುಸಿ ಓದುತ್ತಿರುವವರು ತಮ್ಮ ಬೋರ್ಡಿನ ಅಂಕಗಳನ್ನು ಒಪ್ಪುತ್ತಾರೆಯೇ ಎಂದು ಆಯಾ ವಿಶ್ವವಿದ್ಯಾಲಯಕ್ಕೆ ಈಗಲೇ ಬರೆದು ಕೇಳಿಕೊಳ್ಳಿ.